ಅಜ್ಜ ಹ್ಯಾಂಬರ್ಗಿನವನಂತೆ, ಹ್ಯಾಂಬರ್ಗಿನಲ್ಲಿ ಮಾತ್ರ ಅವನ ಸುಳಿವೇ ಇಲ್ಲ. ಜರ್ಮನ್ ಹಿರಿಯರನ್ನು ಹುಡುಕುವುದು ಹೇಗೆ?

ಮಿಲ್ವಾಕೀ ಸೊಸೆ
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಮದುವೆಯಾಗಿ ಹನ್ನೆರಡು ವರ್ಷದಿಂದ ಅಮೆರಿಕದ ಮಿಲ್ವಾಕೀಯಲ್ಲಿದ್ದೇನೆ. ಗಂಡನ ಮನೆಯವರು ಜರ್ಮನ್ ಮೂಲದವರು. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದಿದ್ದಾರೆ. ನನ್ನ ಕಡೆಯದು ಒಂದೇ ಫೋನಿನಲ್ಲಿ ಮುಗಿಯಿತು. ಅಪ್ಪ ಆರು ತಲೆಮಾರು ಗಡಗಡ ಹೇಳಿಬಿಟ್ಟರು. (ಹೆಂಗಸರ ಹೆಸರು ಕೇಳಿದಾಗ ಮಾತ್ರ ಲೈನ್ ಸರಿಯಿಲ್ಲ ಅಂದರು.)

ಗಂಡನ ಕಡೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅತ್ತೆ ಹೇಳುವುದು ಇಷ್ಟು: ಅವರ ಮುತ್ತಜ್ಜ 1868ರಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಬಂದ. ಹ್ಯಾಂಬರ್ಗಿನವನು. ಊರಲ್ಲಿ ದೊಡ್ಡ ಜಮೀನಿತ್ತು. ನ್ಯೂಯಾರ್ಕಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲ್ಯಾಂಡಿನಲ್ಲಿ ಯಾವನೋ ಗುಮಾಸ್ತ ಹೆಸರನ್ನು ತಪ್ಪಾಗಿ ಬರೆದು, ಮನೆತನದ ಹೆಸರೇ ಬದಲಾಗಿಹೋಯಿತು. ಅತ್ತೆ ಎರಡು ಸಲ ಹ್ಯಾಂಬರ್ಗಿಗೆ ಹೋಗಿ "ನಮ್ಮೂರು" ನೋಡಿಕೊಂಡು ಬಂದಿದ್ದಾರೆ. ಅಲ್ಲಿಂದ ತಂದ ಕಪ್ಪಿನಲ್ಲೇ ದಿನಾ ಕಾಫಿ.

ನಾನು ಹ್ಯಾಂಬರ್ಗಿನ ದಾಖಲೆಗಳನ್ನು ಎರಡು ವಾರ ಜಾಲಾಡಿದೆ. ಆ ಹೆಸರಿನ ಸಂಸಾರವೇ ಇಲ್ಲ. ಯಾರಿಗಾದರೂ ಈ ದಾರಿ ಗೊತ್ತಾ?

ಬ್ರೆಮೆನ್ ಸೈಕಲ್
ಅಕ್ಕಾ, ಈ ಕಥೆಯ ಮೂರೂ ಭಾಗ ಅಮೆರಿಕಕ್ಕೆ ಹೋದ ಜರ್ಮನ್ನರ ಎಷ್ಟೋ ಮನೆಗಳಲ್ಲಿ ಕೇಳಿಬರುವಂಥದ್ದೇ. ಬೇಜಾರು ಮಾಡ್ಕೋಬೇಡಿ, ಒಂದೊಂದಾಗಿ ಹೇಳುತ್ತೇನೆ.

ಹ್ಯಾಂಬರ್ಗ್ ಅವನ ಊರಲ್ಲ, ಹಡಗು ಹತ್ತಿದ ಬಂದರು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲು ಹತ್ತಿದವರೆಲ್ಲ ಹುಬ್ಬಳ್ಳಿಯವರಾ? 1820ರಿಂದ ಮೊದಲ ಮಹಾಯುದ್ಧದವರೆಗೆ 50 ಲಕ್ಷಕ್ಕೂ ಜಾಸ್ತಿ ಜರ್ಮನ್ನರು ಅಮೆರಿಕಕ್ಕೆ ಹೋದರು. ಅವರಲ್ಲಿ ತುಂಬಾ ಜನ ಹತ್ತಿದ್ದು ಬ್ರೆಮೆನ್ ಇಲ್ಲವೇ ಹ್ಯಾಂಬರ್ಗಿನಲ್ಲಿ. ಮೊಮ್ಮಕ್ಕಳ ಬಾಯಲ್ಲಿ ಹಳ್ಳಿಯ ಹೆಸರು ಅಳಿದು ಬಂದರಿನ ಹೆಸರು ಉಳಿಯಿತು.

ಎಲ್ಲಿಸ್ ಐಲ್ಯಾಂಡ್ ಬಾಗಿಲು ತೆರೆದದ್ದೇ 1892ರಲ್ಲಿ. 1868ರಲ್ಲಿ ನ್ಯೂಯಾರ್ಕಿನಲ್ಲಿ ಇಳಿದವರು ಕ್ಯಾಸಲ್ ಗಾರ್ಡನ್ ಎಂಬ ಜಾಗದಿಂದ ಹೊರಗೆ ಬರುತ್ತಿದ್ದರು, ಅದು 1855ರಿಂದ 1890ರವರೆಗೆ ನಡೆಯಿತು. ಇನ್ನು ಆ ಗುಮಾಸ್ತ. ಪಾಪ, ಅವನ ಮೇಲೆ ಎಲ್ಲರೂ ಗೂಬೆ ಕೂರಿಸುತ್ತಾರೆ. ಹೆಸರಿನ ಪಟ್ಟಿ ಹಡಗಿನವರ ಕಡೆಯಿಂದಲೇ ತಯಾರಾಗಿ ಬರುತ್ತಿತ್ತು, ಇಳಿದ ಕಡೆ ಅದನ್ನು ನೋಡಿ ಕೇಳುತ್ತಿದ್ದರು ಅಷ್ಟೆ. ಹೆಸರು ಬದಲಾಗುತ್ತಿದ್ದದ್ದು ಆಮೇಲೆ. ಶಾಲೆ ಮೇಷ್ಟ್ರು, ಕೆಲಸ ಕೊಟ್ಟವನು, ಸಾಲ ಕೊಟ್ಟ ಅಂಗಡಿಯವನು ಕಿವಿಗೆ ಬಿದ್ದ ಹಾಗೆ ಬರೆದರು. ಕೊನೆಗೆ ಮನೆಯವರೇ ಸಾಕಾಗಿ ಒಪ್ಪಿಕೊಂಡರು.

ಜಮೀನಿನ ವಿಷಯ ಆಮೇಲೆ ನೋಡೋಣ.

ಒಂದು ಪುಣ್ಯ ಏನಂದರೆ ಅವನು ಹತ್ತಿದ್ದು ಹ್ಯಾಂಬರ್ಗಿನಲ್ಲಿ. ಅಲ್ಲಿನ ಪ್ರಯಾಣಿಕರ ಪಟ್ಟಿ 1850ರಿಂದ 1934ರವರೆಗೆ ಉಳಿದಿದೆ, ಮಧ್ಯೆ ಯುದ್ಧಕಾಲದ ಕೆಲವು ವರ್ಷ ಬಿಟ್ಟು. ಹೆಸರು, ವಯಸ್ಸು, ಕಸುಬು, ಹಿಂದೆ ವಾಸವಿದ್ದ ಊರು ಎಲ್ಲ ಇರುತ್ತದೆ. ನಾನಿರುವ ಬ್ರೆಮೆನ್ನಿನ ಕಥೆ ಕೇಳಿದರೆ ಅಳು ಬರುತ್ತದೆ. ಇಲ್ಲೂ 1832ರಿಂದ ಪಟ್ಟಿ ಬರೆಯುತ್ತಿದ್ದರು. ಇಡಲು ಜಾಗ ಇಲ್ಲ ಅಂತ 1875ರಿಂದ ಹಳೆಯದನ್ನೆಲ್ಲ ನಾಶ ಮಾಡುತ್ತ ಬಂದರು. ಉಳಿದದ್ದು ಎರಡನೇ ಮಹಾಯುದ್ಧದಲ್ಲಿ ಹೋಯಿತು. ಈಗ ಇರುವುದು 1920ರಿಂದ 1939ರವರೆಗಿನ 2,953 ಪಟ್ಟಿಗಳು ಮಾತ್ರ. ಅವೂ ಉಪ್ಪಿನ ಗಣಿಯಲ್ಲಿ ಬಚ್ಚಿಟ್ಟು, ಮಾಸ್ಕೋಗೆ ಹೋಗಿ, ವಾಪಸ್ ಬಂದಂಥವು.

ಕಾಫಿ ಡಿಕಾಕ್ಷನ್
ಶಾಲೆ ಹೋಂವರ್ಕಿಗೆ ಇಷ್ಟೆಲ್ಲ ಬೇಕಾ? "ಜರ್ಮನಿ" ಅಂತ ಬರೆದು ಕಳಿಸಿ ಅಕ್ಕಾ.

ಬ್ರೆಮೆನ್ ಸೈಕಲ್
1868ರಲ್ಲಿ ಜರ್ಮನಿ ಅನ್ನೋ ದೇಶವೇ ಇರಲಿಲ್ಲ ಮಾರಾಯ್ರೇ 😀 1871ರಲ್ಲಿ ಒಂದಾದದ್ದು. ಅದಕ್ಕೂ ಮೊದಲು ಪ್ರಶ್ಯ, ಬವೇರಿಯ, ವ್ಯೂರ್ಟೆಂಬೆರ್ಗ್, ಬಾಡೆನ್, ಮೆಕ್ಲೆನ್‌ಬುರ್ಗ್ ಅಂತ ಬೇರೆ ಬೇರೆ ರಾಜ್ಯಗಳು. ಅಕ್ಕಾ, ಅಮೆರಿಕದ 1870 ಮತ್ತು 1880ರ ಜನಗಣತಿಯಲ್ಲಿ ಹುಟ್ಟಿದ ಜಾಗ ಅಂತ ಏನಿದೆ ನೋಡಿ. ಪೌರತ್ವದ ಕಾಗದ ಸಿಕ್ಕರೆ ಅದರಲ್ಲಿ ಯಾವ ರಾಜನ ನಿಷ್ಠೆ ಬಿಟ್ಟುಕೊಡುತ್ತೇನೆ ಅಂತ ಇದೆ ನೋಡಿ. 1906ಕ್ಕೆ ಮೊದಲಿನ ಪೌರತ್ವ ಕಾಗದದಲ್ಲಿ ಊರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ರಾಜ ಯಾರು ಅನ್ನುವುದರಿಂದ ರಾಜ್ಯ ಗೊತ್ತಾಗುತ್ತದೆ. 1890ರ ಜನಗಣತಿ ಹುಡುಕುತ್ತ ಕೂರಬೇಡಿ, 1921ರ ಬೆಂಕಿಯಿಂದಾಗಿ ಅದು ಹೆಚ್ಚುಕಡಿಮೆ ಪೂರ್ತಿ ಹೋಗಿದೆ. 1900ರದರಲ್ಲಿ ಬಂದ ವರ್ಷ ಇರುತ್ತದೆ.

ಶ್ಟುಟ್‌ಗಾರ್ಟ್ ಸಾರು
ಇನ್ನೊಂದು ಮಾತು. ತುಂಬಾ ಜನ ಮಾಡುವ ತಪ್ಪು ಅಂದರೆ ನೇರವಾಗಿ ಸಮುದ್ರ ದಾಟಿ ಇಲ್ಲಿ ಜರ್ಮನಿಯಲ್ಲಿ ಹುಡುಕಲು ಶುರು ಮಾಡುವುದು. ಇಲ್ಲಿ ದಾಖಲೆ ಇರುವುದು ಊರಿನ ಲೆಕ್ಕದಲ್ಲಿ, ಹೆಚ್ಚಾಗಿ ಆ ಊರಿನ ಚರ್ಚಿನ ಪುಸ್ತಕದಲ್ಲಿ. ಸರಕಾರಿ ಜನನ-ಮರಣ ನೋಂದಣಿ ಪ್ರಶ್ಯದಲ್ಲಿ ಶುರುವಾದದ್ದು 1874ರ ಅಕ್ಟೋಬರಿನಲ್ಲಿ, ಇಡೀ ಜರ್ಮನಿಗೆ 1876ರ ಜನವರಿಯಿಂದ. ನಿಮ್ಮವರು ಅದಕ್ಕಿಂತ ಮುಂಚೆಯೇ ಹೊರಟಿದ್ದಾರೆ. ಹಾಗಾಗಿ ಹಳ್ಳಿಯ ಹೆಸರು ಸಿಗುವ ತನಕ ಇಲ್ಲಿ ಬಂದು ಏನೂ ಪ್ರಯೋಜನವಿಲ್ಲ. ಆ ಹೆಸರು ನೀವಿರುವ ಕಡೆಯೇ ಎಲ್ಲೋ ಬಿದ್ದಿರುತ್ತದೆ. ಮಿಲ್ವಾಕೀಯ ಹಳೇ ಜರ್ಮನ್ ಚರ್ಚು, ಗೋರಿಕಲ್ಲು, ಜರ್ಮನ್ ಪತ್ರಿಕೆಯ ಮರಣವಾರ್ತೆ, ಮನೆಯ ಬೈಬಲ್ಲಿನ ಮೊದಲ ಹಾಳೆ, ಎಲ್ಲ ನೋಡಿ. ಅವನದ್ದು ಮಾತ್ರ ಅಲ್ಲ, ಅವನ ತಮ್ಮ, ಷಡ್ಡಕ, ಪಕ್ಕದ ಹೊಲದವನದ್ದೂ ನೋಡಿ. ಒಂದೇ ಊರಿನವರು ಒಬ್ಬರ ಹಿಂದೆ ಒಬ್ಬರು ಬಂದು ಅಕ್ಕಪಕ್ಕದಲ್ಲೇ ನೆಲೆ ನಿಲ್ಲುತ್ತಿದ್ದರು. ನಮ್ಮವರು ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ ಹಾಗೆಯೇ, ಅಲ್ವಾ?

ಮಿಲ್ವಾಕೀ ಸೊಸೆ
ಎರಡೂ ಜನಗಣತಿಯಲ್ಲಿ "ಪ್ರಶ್ಯ" ಅಂತಿದೆ. ಹ್ಯಾಂಬರ್ಗ್ ಪಟ್ಟಿ ಈಗ ನೋಡುತ್ತೇನೆ.

ಮ್ಯೂನ್‌ಸ್ಟರ್ ಮಳೆ
ಪ್ರಶ್ಯ ಅಂದರೆ ಬಹಳ ದೊಡ್ಡದು. ಪಶ್ಚಿಮದಲ್ಲಿ ನಾನಿರುವ ಈ ವೆಸ್ಟ್‌ಫಾಲಿಯವೂ ಪ್ರಶ್ಯವೇ, ಆ ತುದಿಯ ಈಗಿನ ಪೋಲೆಂಡೂ ಪ್ರಶ್ಯವೇ.

ನಮ್ಮ ಕಡೆಯವನಾಗಿದ್ದರೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇಲ್ಲಿ ಹೆಸರು ಮನೆಯದ್ದು, ಮನುಷ್ಯನದ್ದಲ್ಲ. ಹೊಲಮನೆಗೆ ಒಂದು ಹೆಸರು. ಗಂಡುಮಕ್ಕಳಿಲ್ಲದ ಮನೆಗೆ ಮದುವೆಯಾಗಿ ಬಂದವನು ತನ್ನ ಹೆಸರು ಬಿಟ್ಟು ಆ ಮನೆಯ ಹೆಸರು ಇಟ್ಟುಕೊಳ್ಳುತ್ತಿದ್ದ. ಅಪ್ಪಟ ಮನೆ ಅಳಿಯ. ಅಣ್ಣತಮ್ಮಂದಿರಿಗೇ ಬೇರೆ ಬೇರೆ ಮನೆತನದ ಹೆಸರು ಇರುವುದುಂಟು. ಇಲ್ಲಿನವರಿಗೆ ಇದನ್ನು ವಿವರಿಸಿ ಹೇಳಬೇಕು. ನಮ್ಮ ಮಲೆನಾಡಿನವರಿಗೆ, ಕೊಡಗಿನವರಿಗೆ ಮನೆ ಹೆಸರು ಅಂದರೆ ಅರ್ಧ ಮಾತಿನಲ್ಲೇ ಅರ್ಥವಾಗುತ್ತದೆ.

ಕಡಲತೀರ
ನಾನು ಮಂಗಳೂರಿನವನು. ಸ್ವಲ್ಪ ವಿಷಯಾಂತರ, ಕ್ಷಮಿಸಿ. ಹೆಸರಿನ ಮಾತು ಬಂದದ್ದಕ್ಕೆ ನೆನಪಾಯಿತು. ನಮ್ಮ ನಿಘಂಟಿನ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ರೆಸ್ಟರ್‌ಹಾಫೆಯಲ್ಲಿ. ಆ ಕಡೆ ಮನೆತನದ ಹೆಸರೇ ಇರದ ಜನ ಬಹಳ. ಅಪ್ಪನ ಹೆಸರೇ ಮಗನ ಎರಡನೇ ಹೆಸರು, ನಮ್ಮ ಇನಿಷಿಯಲ್ ಇದ್ದ ಹಾಗೆ. ಪ್ರತಿ ತಲೆಮಾರಿಗೂ ಬದಲಾಗುತ್ತಿತ್ತು. ಖಾಯಂ ಹೆಸರು ಇಟ್ಟುಕೊಳ್ಳಿ ಅಂತ 1811ರಲ್ಲಿ ನೆಪೋಲಿಯನ್ ಆಜ್ಞೆ ಹೊರಡಿಸಿದ. ಆಮೇಲೂ ಜನ ಬೇಗ ಕೇಳಲಿಲ್ಲ.

ಬಾಸೆಲ್ ಮಿಷನ್ನಿನವರ ಮೂಲ ಹುಡುಕುವವರು ಇಲ್ಲಿ ಯಾರಾದರೂ ಇದ್ದರೆ, ಅವರಿಗೆ ಈ ಕಷ್ಟವಿಲ್ಲ. ಮಿಷನ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಬಂದವರಲ್ಲಿ ಹೆಚ್ಚಿನವರು ವ್ಯೂರ್ಟೆಂಬೆರ್ಗಿನವರು. ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸೇರಿದ ಪ್ರತಿಯೊಬ್ಬನ ವಿವರವೂ ಬಾಸೆಲ್‌ನ ಆರ್ಕೈವಿನಲ್ಲಿದೆ, ಹಳೇ ಫೋಟೋಗಳು ಆನ್‌ಲೈನಿನಲ್ಲೂ ಸಿಗುತ್ತವೆ.

ಮಿಲ್ವಾಕೀ ಸೊಸೆ
ಸಿಕ್ಕಿತು!!

ಮನೆತನದ ಹೆಸರು ಹಾಕಿ ಹುಡುಕಿದರೆ ಬರಲೇ ಇಲ್ಲ. ಕೊನೆಗೆ ಅದನ್ನು ಬಿಟ್ಟು, ನಾಲ್ಕು ಜನರ ಮೊದಲ ಹೆಸರು, ವಯಸ್ಸು ಮಾತ್ರ ಹಾಕಿದೆ. 1868ರ ಮೇ ತಿಂಗಳು. ಗಂಡ 31, ಹೆಂಡತಿ 28, ಮಗ 5, ಮಗಳು 2. ಹೆಸರಿನ ಮೊದಲಕ್ಷರವೇ ಬೇರೆ. ಊರು "ನಾಯೆನ್‌ಡೋರ್ಫ್, ಪ್ರಶ್ಯ". ಆದರೆ ಹಡಗು ಹೋಗಿರುವುದು ಇಂಗ್ಲೆಂಡಿನ ಹಲ್‌ಗೆ. ಇವನೇ ಅಲ್ವಾ? ಅಮೆರಿಕಕ್ಕೆ ಬಂದವನು ಹಲ್‌ಗೆ ಯಾಕೆ ಹೋದ?

ಕಸುಬಿನ ಜಾಗದಲ್ಲಿ "ಆರ್ಬೈಟರ್" ಅಂತಿದೆ.

ಬ್ರೆಮೆನ್ ಸೈಕಲ್
ಇವನೇ. ಅದು "ಪರೋಕ್ಷ" ಪಟ್ಟಿ. ನೇರವಾಗಿ ಅಮೆರಿಕಕ್ಕೆ ಹೋಗುವ ಹಡಗಿಗೆ ಒಂದು ಪಟ್ಟಿ, ನಡುವೆ ಬೇರೆ ಬಂದರಿನಲ್ಲಿ ಹಡಗು ಬದಲಿಸುವವರಿಗೆ ಇನ್ನೊಂದು. ಹಲ್‌ನಲ್ಲಿ ಇಳಿದು, ರೈಲಿನಲ್ಲಿ ಇಂಗ್ಲೆಂಡಿನ ಆ ಕಡೆ ದಂಡೆಗೆ, ಲಿವರ್‌ಪೂಲಿಗೆ. ಅಲ್ಲಿಂದ ನ್ಯೂಯಾರ್ಕ್. ಆದ್ದರಿಂದ ನ್ಯೂಯಾರ್ಕಿನ ಪಟ್ಟಿಯಲ್ಲಿ ಹ್ಯಾಂಬರ್ಗ್ ಹಡಗು ಹುಡುಕಬೇಡಿ, ಲಿವರ್‌ಪೂಲ್ ಹಡಗು ಹುಡುಕಿ.

ಆರ್ಬೈಟರ್ ಅಂದರೆ ಕೂಲಿಯವನು. ಜಮೀನೇನೋ ದೊಡ್ಡದೇ ಇದ್ದಿರಬಹುದು. ಅದು ಇವನದ್ದಲ್ಲ ಅಷ್ಟೆ.

ಮಿಲ್ವಾಕೀ ಸೊಸೆ
ಅತ್ತೆಗೆ ಇದನ್ನು ನಾನು ಹೇಳಲ್ಲ, ಮಗನೇ ಹೇಳಲಿ. ನಾಯೆನ್‌ಡೋರ್ಫ್ ಅಂತ ಮ್ಯಾಪಿನಲ್ಲಿ ಹಾಕಿದರೆ ಎಲ್ಲ ಕಡೆ ತೋರಿಸುತ್ತಿದೆ.

ಶ್ಟುಟ್‌ಗಾರ್ಟ್ ಸಾರು
ತೋರಿಸದೇ ಏನು. ನಾಯೆನ್‌ಡೋರ್ಫ್ ಅಂದರೆ "ಹೊಸ ಊರು". ನಮ್ಮಲ್ಲಿ ಹೊಸಹಳ್ಳಿ ಇದ್ದ ಹಾಗೆ, ತಾಲೂಕಿಗೆ ಒಂದೆರಡು. ಮೆಯರ್ಸ್ ಗ್ಯಾಜೆಟಿಯರ್ ಅಂತ 1912ರ ಒಂದು ಊರುಗಳ ಪಟ್ಟಿ ಇದೆ, ಆನ್‌ಲೈನಿನಲ್ಲಿ ಪುಕ್ಕಟೆ. ಆಗಿನ ಜರ್ಮನ್ ಸಾಮ್ರಾಜ್ಯದ ಪ್ರತಿ ಹಳ್ಳಿ, ಅದರ ಜಿಲ್ಲೆ, ಅಲ್ಲಿ ಚರ್ಚು ಇದೆಯಾ ಇಲ್ಲವಾ, ಎಲ್ಲ ಸಿಗುತ್ತದೆ. ಆದರೆ ನಿಮಗೆ ಜಿಲ್ಲೆ ಬೇಕೇ ಬೇಕು. ಚರ್ಚಿಗೆ ಹೋದಿರಾ?

ಕಾಫಿ ಡಿಕಾಕ್ಷನ್
ದುಡ್ಡು ಕೊಟ್ಟರೆ ಪೂರ್ತಿ ಹುಡುಕಿಕೊಡುವವರು ಇದ್ದಾರಲ್ಲ. ಮನೆತನದ ಲಾಂಛನವನ್ನೂ ಫ್ರೇಮ್ ಹಾಕಿ ಕೊಡುತ್ತಾರಂತೆ.

ಮ್ಯೂನ್‌ಸ್ಟರ್ ಮಳೆ
ಅಂಥ ಒಂದು ಕಡೆ ನಮ್ಮ ಪಕ್ಕದ ಮನೆಯವರು ದುಡ್ಡು ಕಟ್ಟಿ, ಸಿಂಹ ಇರುವ ಫ್ರೇಮ್ ತಂದು ಗೋಡೆಗೆ ಹಾಕಿದ್ದಾರೆ. ಅದೇ ಹೆಸರಿನ ಇನ್ಯಾವುದೋ ಮನೆತನದ ಸಿಂಹ. ಇವರಜ್ಜ ಹಂದಿ ಸಾಕುತ್ತಿದ್ದ. ಒಳ್ಳೆ ಸಂಶೋಧಕರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಲಾಂಛನದಿಂದ ಮಾತು ಶುರು ಮಾಡುವವರ ಹತ್ತಿರ ಹೋಗಬೇಡಿ.

ಮಿಲ್ವಾಕೀ ಸೊಸೆ
ಹತ್ತು ದಿನದ ಮೇಲೆ ಬರುತ್ತಿದ್ದೇನೆ. ಚರ್ಚಿಗೆ ಹೋಗಿದ್ದೆ. ಕಚೇರಿಯ ಅಜ್ಜಿ ಬೀರುವಿನಿಂದ ಉದ್ದನೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ನಮ್ಮಲ್ಲಿ ಇದನ್ನು ಓದುವವರು ಈಗ ಯಾರೂ ಇಲ್ಲ" ಅಂದರು. ಎಲ್ಲ ಜರ್ಮನ್, ಎಲ್ಲ ಕೈಬರಹ, ಮಳೆಗೆ ವಾಲಿದ ಜೋಳದ ಬೆಳೆಯ ಹಾಗೆ ಒಂದೇ ಕಡೆ ಬಾಗಿದ ಅಕ್ಷರ. ಐದು ವರ್ಷದವನಾಗಿ ಬಂದ ಮಗನಿಗೆ ಹದಿನಾಲ್ಕು ವರ್ಷಕ್ಕೆ ಚರ್ಚಿನಲ್ಲಿ ದೃಢೀಕರಣ (ಚರ್ಚಿನ ಪೂರ್ಣ ಸದಸ್ಯನಾಗುವ ವಿಧಿ) ಆಗಿದೆ. ಆ ಸಾಲಿನಲ್ಲಿ ಹುಟ್ಟಿದ ದಿನ, ದೀಕ್ಷಾಸ್ನಾನ ಆದ ಜಾಗ ಇದೆ. ನಾನು ಓದಿದ್ದು ಹೀಗೆ: "ನ್‌ನ್‌ತ್ಸ್‌ನ್ಲ್‌ಕೊವ್, ಕ್ರ್‌ನಿಸ್..." ಮುಂದಿನದು ಗೊತ್ತಾಗಲಿಲ್ಲ. ಕ್ರ್‌ನಿಸ್ ಅನ್ನುವ ಊರೇ ಎಲ್ಲೂ ಇಲ್ಲ. ಫೋಟೋ ಹಾಕಿದ್ದೇನೆ.

ಹಳೇ ಕಡತ
ತಂಗೀ, ನಾನು ಬೆಳಗಾವಿ ಕಡೆಯ ತಾಲೂಕು ಕಚೇರಿಯಲ್ಲಿ ದಾಖಲೆ ವಿಭಾಗದಲ್ಲಿದ್ದವನು. ಜರ್ಮನ್ ಬರುವುದಿಲ್ಲ. ಆದರೆ ಮೋಡಿ ಲಿಪಿಯ (ಹಳೇ ಮರಾಠಿ ಕೈಬರಹ) ಕಾಗದ ಸಾವಿರಾರು ನೋಡಿದ್ದೇನೆ, ಅದಕ್ಕೇ ಒಂದು ಮಾತು. ಇಂಥ ಬರಹದಲ್ಲಿ ಮೊದಲು ಗೊತ್ತಿರುವ ಶಬ್ದ ಹಿಡಿಯಬೇಕು. ಪ್ರತಿ ಸಾಲಿನಲ್ಲೂ ಬರುವ ಶಬ್ದ, ತಿಂಗಳ ಹೆಸರು, ತಂದೆ ತಾಯಿ ಅನ್ನುವ ಶಬ್ದ. ಅದರಿಂದ ಆ ಬರೆದವನ ಒಂದೊಂದು ಅಕ್ಷರ ಕಿತ್ತುಕೊಂಡು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಗೊತ್ತಿಲ್ಲದ ಶಬ್ದಕ್ಕೆ ಕೈಹಾಕಬೇಕು. ನಿಮ್ಮ ಫೋಟೋದಲ್ಲಿ ಈ "ಕ್ರ್‌ನಿಸ್" ಪುಟದಲ್ಲಿ ಆರು ಕಡೆ ಇದೆ. ಆರು ಮಕ್ಕಳೂ ಒಂದೇ ಊರಲ್ಲಿ ಹುಟ್ಟಿದರಾ? ಅದು ಊರಿರಲಾರದು. ನಮ್ಮ ಕಾಗದದಲ್ಲಿ "ತಾಲೂಕು" ಅಂತ ಬರುತ್ತದಲ್ಲ, ಅಂಥದ್ದೇನೋ ಇರಬೇಕು.

ಬ್ರೆಮೆನ್ ಸೈಕಲ್
ಸಾರ್, ನಿಮಗೆ ದೊಡ್ಡ ನಮಸ್ಕಾರ. ಅದು "ಕ್ರೈಸ್", ಅಂದರೆ ನಮ್ಮ ಜಿಲ್ಲೆ ಇಲ್ಲವೇ ತಾಲೂಕು ಇದ್ದ ಹಾಗೆ.

ಅಕ್ಕಾ, ಈ ಬರಹದ ಹೆಸರು ಕುರ್ರೆಂಟ್. ಇಲ್ಲಿನ ಶಾಲೆಗಳಲ್ಲಿ 1941ರವರೆಗೂ ಈ ಜಾತಿಯ ಲಿಪಿ ಕಲಿಸುತ್ತಿದ್ದರು, ಈಗಿನ ಜರ್ಮನ್ನರಿಗೇ ಓದಲು ಬರುವುದಿಲ್ಲ. ಇದರಲ್ಲಿ "ಇ" (e) ಅಕ್ಷರ ಥೇಟ್ "ಎನ್" ತರಹ ಕಾಣುತ್ತದೆ, ಎರಡು ಸಣ್ಣ ಗೀಟು. "ಯು" ಕೂಡ ಹಾಗೆಯೇ, ಅದಕ್ಕೇ ಅದರ ತಲೆ ಮೇಲೆ ಒಂದು ಕೊಂಕು ಹಾಕುತ್ತಾರೆ. ಇನ್ನೊಂದು ಬಲೆ ತಿಂಗಳು. "7ಬೆರ್" ಅಂತ ಬರೆದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್.

ಈಗ ನೀವು ಓದಿದ ಹೆಸರಿನಲ್ಲಿ ಮೊದಲ "ನ್" ಬಿಟ್ಟು ಉಳಿದ ಕಡೆ ಆ "ಇ" (e, ಜರ್ಮನ್ ಉಚ್ಚಾರ "ಎ") ಹಾಕಿ ನೋಡಿ. ನೆತ್ಸೆಲ್‌ಕೊವ್!

ಬಾಲ್ಟಿಕ್ ಸಮುದ್ರದಲ್ಲಿ ಊಸೆಡೋಮ್ ಅಂತ ದ್ವೀಪ ಇದೆ, ಆಗ ಪ್ರಶ್ಯದ ಪೊಮೆರೇನಿಯ ಪ್ರಾಂತ್ಯದ್ದು. ಅದರ ಹಿಂಬದಿಯಲ್ಲಿ ಗ್ನಿಟ್ಸ್ ಅನ್ನುವ ಸಣ್ಣ ನಾಲಿಗೆಯಂಥ ನೆಲ. ನೆತ್ಸೆಲ್‌ಕೊವ್ ಅಲ್ಲಿನ ಚರ್ಚಿರುವ ಊರು. ಕ್ರೈಸ್ ಆದಮೇಲಿನ ಶಬ್ದ "ಊಸೆಡೋಮ್-ವೊಲ್ಲೀನ್". ಎರಡು ದ್ವೀಪ ಸೇರಿ ಒಂದು ಜಿಲ್ಲೆ.

ಮಜಾ ಕೇಳಿ. ಆ ಒಂದು ಜಿಲ್ಲೆಯಲ್ಲೇ ಎರಡು ನಾಯೆನ್‌ಡೋರ್ಫ್ ಇತ್ತು. ವೊಲ್ಲೀನ್ ದ್ವೀಪದ್ದು ಈಗ ಪೋಲೆಂಡಿನಲ್ಲಿದೆ, ಹೆಸರೂ ಬದಲಾಗಿದೆ. ಗ್ನಿಟ್ಸ್‌ನದ್ದು ಇವತ್ತಿಗೂ ನಾಯೆನ್‌ಡೋರ್ಫೇ, ಜರ್ಮನಿಯಲ್ಲೇ ಇದೆ. ನೆತ್ಸೆಲ್‌ಕೊವ್ ಅದರ ಪಕ್ಕದ ಊರು. ಬರೀ ಜಿಲ್ಲೆಯ ಹೆಸರು ಸಿಕ್ಕಿದ್ದರೆ ನೀವು ಪೋಲೆಂಡಿನಲ್ಲಿ ಹುಡುಕುತ್ತಿದ್ದಿರೋ ಏನೋ.

ಮಿಲ್ವಾಕೀ ಸೊಸೆ
ಕೈ ನಡುಗುತ್ತಿದೆ. ಮುಂದೆ?

ಶ್ಟುಟ್‌ಗಾರ್ಟ್ ಸಾರು
ಅವರು ಪ್ರೊಟೆಸ್ಟಂಟರು, ಆದ್ದರಿಂದ ಮೊದಲು ಆರ್ಕಿಯನ್ ವೆಬ್‌ಸೈಟ್ ನೋಡಿ. ಪ್ರೊಟೆಸ್ಟಂಟ್ ಚರ್ಚು ಪುಸ್ತಕಗಳ ಸ್ಕ್ಯಾನ್ ಅಲ್ಲಿ ಸಿಗುತ್ತದೆ, ದುಡ್ಡು ಕಟ್ಟಬೇಕು. ಒಂದು ತಿಂಗಳಿಗೆ ಮಾತ್ರ ಕಟ್ಟಿ, ರಜೆ ಹಾಕಿ ಕೂತು ಮುಗಿಸಿ. ಕ್ಯಾಥೊಲಿಕ್ ಆಗಿದ್ದರೆ ಮಾಟ್ರಿಕುಲಾ ಇದೆ, ಅದು ಪುಕ್ಕಟೆ. ಫ್ಯಾಮಿಲಿಸರ್ಚ್ ಕೂಡ ಪುಕ್ಕಟೆ, ಆದರೆ ಕೆಲವು ಫಿಲ್ಮುಗಳನ್ನು ಅವರ ಕೇಂದ್ರಕ್ಕೆ ಹೋಗಿಯೇ ನೋಡಬೇಕು. ಯಾವುದರಲ್ಲೂ ನಿಮ್ಮ ಊರಿನ ಪುಸ್ತಕ ಇಲ್ಲದಿದ್ದರೆ ಗ್ರೈಫ್ಸ್‌ವಾಲ್ಡ್‌ನ ಚರ್ಚು ಆರ್ಕೈವಿಗೆ ಬರೆಯಿರಿ, ಆ ಕಡೆಯ ಪೊಮೆರೇನಿಯ ಅವರಿಗೆ ಸೇರಿದ್ದು. ಪೊಮೆರ್ಶರ್ ಗ್ರೈಫ್ ಅಂತ ಪೊಮೆರೇನಿಯದ ವಂಶ ಹುಡುಕುವವರದ್ದೇ ಒಂದು ಸಂಘವೂ ಇದೆ.

ಪತ್ರ ಚಿಕ್ಕದಾಗಿರಲಿ. ಇಡೀ ಮನೆತನದ ಚರಿತ್ರೆ ಬೇಕು ಅಂತ ಬರೆದರೆ ಯಾರೂ ಉತ್ತರಿಸುವುದಿಲ್ಲ. ಒಂದು ಹೆಸರು, ಒಂದು ಊರು, ಒಂದು ತಾರೀಕು ಕೇಳಿ. ಖರ್ಚು ಎಷ್ಟಾಗುತ್ತದೆ ಅಂತಲೂ ಮೊದಲೇ ಕೇಳಿಬಿಡಿ.

(ನಮ್ಮ ನೈಋತ್ಯ ಭಾಗದಿಂದ ಹೋದವರನ್ನು ಹುಡುಕುವವರಿಗೆ ಕೆಲಸ ಸಲೀಸು. ವ್ಯೂರ್ಟೆಂಬೆರ್ಗ್, ಬಾಡೆನ್‌ನಲ್ಲಿ ದೇಶ ಬಿಡುವುದಕ್ಕೆ ಅಪ್ಪಣೆ ಕೇಳಬೇಕಿತ್ತು. ಸಾಲ ಇಲ್ಲ, ಸೈನ್ಯದ ಬಾಕಿ ಇಲ್ಲ ಅಂತ ತೋರಿಸಬೇಕು. ಆ ಕಡತಗಳನ್ನು ಆಧರಿಸಿ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದ ಆರ್ಕೈವ್ ವಲಸೆ ಹೋದವರ ಪಟ್ಟಿಯನ್ನೇ ಆನ್‌ಲೈನಿನಲ್ಲಿ ಹಾಕಿದೆ. ರಾತ್ರೋರಾತ್ರಿ ಓಡಿಹೋದವರೂ ಬೇಕಾದಷ್ಟು ಜನ. ಅವರಲ್ಲಿ ಕೆಲವರು ಸಿಗುವುದು ಸಾಲಗಾರರು ಪತ್ರಿಕೆಯಲ್ಲಿ ಹಾಕಿಸಿದ ಪ್ರಕಟಣೆಯಲ್ಲಿ!)

ಕಡಲತೀರ
ಒಂದು ಅನುಮಾನ. ಮಗುವಿಗೆ ಮೂರು ಹೆಸರು ಇದ್ದರೆ ಯಾವುದು ನಿಜವಾದದ್ದು? ನಮ್ಮ ಹಳೇ ಮಿಷನ್ ಪುಸ್ತಕಗಳಲ್ಲಿ ಎಲ್ಲರೂ ಯೋಹಾನ್.

ಬ್ರೆಮೆನ್ ಸೈಕಲ್
ಒಂದೇ ಮನೆಯ ಐದು ಗಂಡುಮಕ್ಕಳೂ ಯೋಹಾನ್ ಆಗಿರಬಹುದು, ಅದೂ ಹೆಚ್ಚಾಗಿ ದಕ್ಷಿಣದ ಕಡೆ. ಕರೆಯುತ್ತಿದ್ದದ್ದು ಎರಡನೆಯದೋ ಮೂರನೆಯದೋ ಹೆಸರಿನಿಂದ. ಎಷ್ಟೋ ಸಲ ಆ ಹೆಸರಿಗೆ ಅಡಿಗೆರೆ ಹಾಕಿರುತ್ತಾರೆ. ಅಮೆರಿಕದ ದಾಖಲೆಯಲ್ಲಿ ಇರುವುದು ಕರೆಯುವ ಹೆಸರು. ಹಾಗಾಗಿ ಎರಡೂ ಕಡೆ ಬೇರೆ ಬೇರೆ ಮನುಷ್ಯ ಅನ್ನಿಸುತ್ತದೆ.

ಮಿಲ್ವಾಕೀ ಸೊಸೆ
ಎರಡು ತಿಂಗಳಾಯಿತು. ಆರ್ಕೈವಿನಿಂದ ಒಂದು ಪುಟದ ಚಿತ್ರ ಬಂದಿದೆ. ಈ ಸಲ ನಾನೇ ಓದಿದೆ, ಹಳೇ ಕಡತ ಸಾರ್ ಹೇಳಿದ ಹಾಗೆ ಪಕ್ಕದಲ್ಲಿ ಅಕ್ಷರಗಳ ಹಾಳೆ ಇಟ್ಟುಕೊಂಡು. ಮೂರು ಸಂಜೆ ಹಿಡಿಯಿತು.

1863. ಮಗನಿಗೆ ಮೂರು ಹೆಸರು, ಕೊನೆಯದಕ್ಕೆ ಅಡಿಗೆರೆ. ಅದೇ ನಮಗೆ ಗೊತ್ತಿರುವ ಹೆಸರು! ತಂದೆಯ ಕಸುಬು "ಕ್ನೆಖ್ಟ್", ಅಂದರೆ ಜೀತದಾಳಿಗಿಂತ ಒಂದು ಕೈ ಮೇಲೆ ಅಂತ ಗಂಡ ಅರ್ಥ ಹುಡುಕಿದ. ನಮ್ಮ ಕಡೆ ಸಂಬಳದಾಳು ಅಂತೀವಲ್ಲ, ಅದೇ. ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತವರು ಮೂವರು. ಅದರಲ್ಲಿ ಒಂದು ಹೆಸರು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ಇಲ್ಲಿನ 1870ರ ಜನಗಣತಿಯಲ್ಲಿ ಪಕ್ಕದ ಮನೆಯವರ ಹೆಸರದು. ಅವರ ಮೊಮ್ಮಗಳ ಮೊಮ್ಮಗಳು ನನ್ನ ಮಗಳ ಜೊತೆ ಈಜಲು ಹೋಗುತ್ತಾಳೆ. ಎರಡೂ ಮನೆಯವರಿಗೆ ಗೊತ್ತೇ ಇರಲಿಲ್ಲ.

ಮನೆತನದ ಹೆಸರು ಆ ಪುಟದಲ್ಲೇ ಎರಡು ತರಹ ಇದೆ. ಮೇಲೆ ಒಂದು, ಕೆಳಗೆ ಒಂದು, ಒಬ್ಬನೇ ಪಾದ್ರಿ ಬರೆದದ್ದು. ಎಲ್ಲಿಸ್ ಐಲ್ಯಾಂಡ್ ಗುಮಾಸ್ತನನ್ನು ಬಿಟ್ಟುಬಿಟ್ಟೆವು.

ಹಳೇ ಕಡತ
ಮೂರು ಸಂಜೆಯಲ್ಲಿ ಓದಿದಿರಾ? ನಾನು ಮೊದಲ ಮೋಡಿ ಕಾಗದಕ್ಕೆ ಮೂರು ವಾರ ತೊಗೊಂಡಿದ್ದೆ. ಶಾಲೆ ಹೋಂವರ್ಕ್ ಏನಾಯಿತು?

ಮಿಲ್ವಾಕೀ ಸೊಸೆ
ಅದನ್ನು ಕೊಟ್ಟು ಆರು ವಾರವಾಯಿತು ಸಾರ್. "ಜರ್ಮನಿ" ಅಂತ ಬರೆದೇ ಕೊಟ್ಟಳು.

ಕಾಫಿ ಡಿಕಾಕ್ಷನ್
😀😀 ನಾನು ಹೇಳಿರಲಿಲ್ವಾ? ಅತ್ತೆ ಏನಂದರು?

ಮಿಲ್ವಾಕೀ ಸೊಸೆ
ಗಂಡ ಮ್ಯಾಪ್ ತೆಗೆದು ಆ ದ್ವೀಪ ತೋರಿಸಿದ. ಸುಮಾರು ಹೊತ್ತು ನೋಡಿದರು. ಸಂಬಳದಾಳು ಅಂದದ್ದಕ್ಕೆ ಏನೂ ಅನ್ನಲಿಲ್ಲ. "ಸಮುದ್ರದ ಹತ್ತಿರ ಅಂತೂ ಇದೆ" ಅಂದರು. ಆಮೇಲೆ ಎದ್ದು ಹೋಗಿ ಅದೇ ಹ್ಯಾಂಬರ್ಗ್ ಕಪ್ಪಿನಲ್ಲಿ ಕಾಫಿ ಮಾಡಿಕೊಂಡು ಬಂದರು.

ಬ್ರೆಮೆನ್ ಸೈಕಲ್
ಕುಡಿಯಲಿ ಬಿಡಿ ಅಕ್ಕಾ. ಹಡಗಿಗೆ ಕಾಯುತ್ತ ಅವರ ಮುತ್ತಜ್ಜನೂ ಹ್ಯಾಂಬರ್ಗಿನಲ್ಲಿ ಒಂದೆರಡು ರಾತ್ರಿ ಮಲಗಿರುತ್ತಾನೆ.